ಅಕ್ಕನ ಸ್ಲೈಡು

ಆ ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಹಾಗಂತ ಕೆಟ್ಟವಳೇನಲ್ಲ, ಬೆಳಿಗ್ಗೆ ಬೈಸಿಕೊಂಡವರಿಗೆ ಮಧ್ಯಾಹ್ನ ತಾನೇ ಚಹಾ ತರಿಸಿಕೊಡುವವಳು. ತಡವಾಗಿ ಬಂದರೂ, ಗಾಜು ಒಡೆದರೂ, ಮೈಕ್ರೋಸ್ಕೋಪಿನ ಮುಂದೆ ತೂಕಡಿಸಿದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಒಂದೇ ಒಂದು ವಿಷಯದಲ್ಲಿ ಮಾತ್ರ ಅಪ್ಪನಾಣೆಗೂ ಬಿಡುತ್ತಿರಲಿಲ್ಲ. ಬಣ್ಣ ಹಾಕಿದ ಸ್ಲೈಡು ಕೈಗೆ ಬಂದರೆ ಮೊದಲು ಕಂಟ್ರೋಲ್ ನೋಡಬೇಕು, ರೋಗಿಯದು ಆಮೇಲೆ.

ಕಂಟ್ರೋಲ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಗಡ್ಡೆಯ ಚೂರಿನಲ್ಲಿ ಇಂಥ ಪ್ರೋಟೀನು ಇದೆಯೇ ಇಲ್ಲವೇ ಎಂದು ಬಣ್ಣ ಹಿಡಿಸಿ ನೋಡುವಾಗ, ಅದೇ ಗಾಜಿನ ಮೇಲ್ತುದಿಯಲ್ಲಿ ಬೇರೆ ಯಾರದೋ ಒಂದು ಚೂರನ್ನೂ ಕೂರಿಸುತ್ತಾರೆ. ಆ ಚೂರಿನಲ್ಲಿ ಆ ಪ್ರೋಟೀನು ಇರುವುದು ಮೊದಲೇ ಗೊತ್ತು. ಅದು ಕಂದು ಬಣ್ಣಕ್ಕೆ ತಿರುಗಿದರೆ ಕೆಲಸ ನೆಟ್ಟಗೆ ನಡೆದಿದೆ ಎಂದರ್ಥ. ಅದೇ ಬಿಳಚಿಕೊಂಡು ಕೂತಿದ್ದರೆ ಕೆಳಗಿನ ಚೂರು ಏನು ಹೇಳಿದರೂ ನಂಬುವಂತಿಲ್ಲ, ಎಲ್ಲಾ ಮತ್ತೆ ಮೊದಲಿನಿಂದ. ಕಲಿಯಲು ಬಂದವರು ಇದನ್ನು ಮರೆತರೆ ಡಾಕ್ಟರಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಿದ್ದಳು. “ಸಾಕ್ಷಿ ಬದುಕಿದ್ದಾನೋ ಸತ್ತಿದ್ದಾನೋ ನೋಡದೇನೇ ತೀರ್ಪು ಕೊಡ್ತೀರೇನ್ರೀ?” ಎಂದು ಆಕೆ ಕೂಗಿದರೆ ಕಾರಿಡಾರಿನ ಆಚೆ ರಕ್ತ ತೆಗೆಯುವವರಿಗೂ ಕೇಳಿಸುತ್ತಿತ್ತು.

ಇಂಥವಳಿಗೆ ಒಬ್ಬಳು ಅಕ್ಕ. ಬಾಯಲ್ಲಿ ಅವಳು ತಂಗಿಯನ್ನೂ ಮೀರಿಸಿದವಳು. ಊರಿನ ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ. ಕೊರಳಲ್ಲಿ ಸೀಟಿ, ತಲೆಗೆ ರಬ್ಬರ್ ಟೋಪಿ, ಬೆರಳುಗಳು ಯಾವಾಗಲೂ ನೀರಲ್ಲಿ ನೆನೆದು ಸುಕ್ಕು. ನೀರಿಗೆ ಹೆದರಿ ಕಂಬ ತಬ್ಬಿಕೊಂಡು ಅಳುವ ಮಕ್ಕಳನ್ನು ಕೊಳದವರು ಅವಳ ಕೈಗೇ ಒಪ್ಪಿಸುತ್ತಿದ್ದರು. ಅವಳು ಬೈಯುತ್ತಾ ನಗಿಸುತ್ತಾ ಹೇಗೋ ಇಳಿಸಿಬಿಡುತ್ತಿದ್ದಳು. ಮನೆಯಲ್ಲಿ ಅವಳ ಗಂಡ, ಅಂದರೆ ಡಾಕ್ಟರಮ್ಮನ ಭಾವ, ಗಡಿಯಾರ ರಿಪೇರಿಯವನು. ಇಡೀ ದಿನದಲ್ಲಿ ಅವನು ಆಡುವ ಮಾತುಗಳನ್ನು ಒಂದು ಅಂಚೆಚೀಟಿಯ ಹಿಂದೆ ಬರೆಯಬಹುದಿತ್ತು.

ಅಕ್ಕನಿಗೆ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತು. ಸೋಂಕು ಎಂದು ಮಾತ್ರೆ ನುಂಗಿದಳು. ನಿಂತಿತು, ಮತ್ತೆ ಬಂತು, ಮತ್ತೆ ಮಾತ್ರೆ. ತಂಗಿಗೆ ಹೇಳಲೇ ಇಲ್ಲ. ಕೊನೆಗೆ ಭಾವನೇ ಫೋನು ಮಾಡಿ “ರಕ್ತ ಹೋಗ್ತಿದೆ, ನಿಮ್ಮಕ್ಕಂಗೆ” ಎಂದು ಇಷ್ಟೇ ಹೇಳಿ ಇಟ್ಟ. ಡಾಕ್ಟರಮ್ಮ ಅಕ್ಕನನ್ನು ರಟ್ಟೆ ಹಿಡಿದು ಎಳೆತಂದು ಸರ್ಜನ್‌ರ ಮುಂದೆ ಕೂರಿಸಿದಳು. ಅವರು ಒಳಗೆ ನಳಿಗೆ ಇಳಿಸಿ ನೋಡಿ, ಮೂತ್ರಕೋಶದ ಗೋಡೆಗೆ ಅಂಟಿಕೊಂಡಿದ್ದ ಗಡ್ಡೆಯನ್ನು ಕಾದ ತಂತಿಯಿಂದ ಕೆರೆದು ತೆಗೆದು, ಚೂರುಗಳನ್ನು ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದರು.

ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವ ಅನುಮಾನವೇನೂ ಉಳಿಯಲಿಲ್ಲ. ಮೊದಲ ಸ್ಲೈಡಿನಲ್ಲೇ ಅದು ಕಣ್ಣಿಗೆ ರಾಚುತ್ತಿತ್ತು. ಪ್ರಶ್ನೆ ಇದ್ದದ್ದು ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದರಲ್ಲಿ. ಮೂತ್ರಕೋಶದ ಗೋಡೆಯಲ್ಲಿ ಸ್ನಾಯು ಎರಡು ಬಗೆ. ಒಳಪದರಕ್ಕೆ ಹತ್ತಿರದಲ್ಲಿ ಅಲ್ಲೊಂದು ಇಲ್ಲೊಂದು ಎಳೆಯಾಗಿ ಹರಡಿಕೊಂಡ ತೆಳು ಸ್ನಾಯು. ಅದರಾಚೆ ದಪ್ಪ ದಪ್ಪ ಕಂತೆಗಳ ಗಟ್ಟಿ ಸ್ನಾಯು. ಗಡ್ಡೆ ತೆಳು ಸ್ನಾಯುವಿನ ಬಳಿಯೇ ನಿಂತಿದ್ದರೆ ಇನ್ನೊಮ್ಮೆ ಕೆರೆದು, ಒಳಗೆ ಔಷಧಿ ಬಿಟ್ಟು, ಕಾದು ನೋಡಬಹುದು. ಗಟ್ಟಿ ಸ್ನಾಯುವಿಗೆ ಹಲ್ಲೂರಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕು. ಹೊಟ್ಟೆಯ ಮೇಲೊಂದು ತೂತು, ಅದಕ್ಕೆ ಅಂಟಿಸಿದ ಚೀಲ, ಬದುಕಿರುವಷ್ಟು ಕಾಲ.

ಅಕ್ಕನ ಚೂರುಗಳು ತಂತಿಯ ಬಿಸಿಗೆ ಸುಟ್ಟು ಮುದುಡಿದ್ದವು. ಗಡ್ಡೆ ಸ್ನಾಯುವಿನೊಳಗೆ ನುಗ್ಗಿದ್ದು ಕಾಣುತ್ತಿತ್ತು, ಆದರೆ ಅದು ಯಾವ ಸ್ನಾಯು ಎನ್ನುವುದು ಆ ಮಾಮೂಲಿ ಸ್ಲೈಡಿನಲ್ಲಿ ಗೊತ್ತಾಗುತ್ತಿರಲಿಲ್ಲ. ಇಂಥ ಹೊತ್ತಿಗೆಂದೇ ಒಂದು ಪ್ರೋಟೀನಿನ ಪರೀಕ್ಷೆ ಇದೆ. ಸ್ಮೂಥೆಲಿನ್ ಎಂದು ಅದರ ಹೆಸರು. ಗಟ್ಟಿ ಸ್ನಾಯುವಿನಲ್ಲಿ ಅದು ಧಾರಾಳ, ತೆಳು ಸ್ನಾಯುವಿನಲ್ಲಿ ಇದ್ದೂ ಇಲ್ಲದ ಹಾಗೆ. ಕಡುಕಂದು ಬಂದರೆ ಚೀಲ. ಬಣ್ಣ ಹತ್ತದಿದ್ದರೆ ಅಕ್ಕನ ಮೂತ್ರಕೋಶ ಅಕ್ಕನಿಗೇ.

ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುತ್ತಿದ್ದರು. ಅವರು ಬಾಗಿಲಲ್ಲಿ ನಿಂತು ಕೆಮ್ಮಿದರು.

“ಆ ಸ್ಲೈಡು ನನಗೆ ಕೊಟ್ಬಿಡಮ್ಮ. ನಮ್ಮೋರದ್ದು ನಾವು ನೋಡಬಾರ್ದು.”

“ಹಾಗಂತ ಎಲ್ಲಿ ಬರೆದಿದೆ ಸಾರ್?”

“ಎಲ್ಲೂ ಬರೆದಿಲ್ಲ.”

“ಮತ್ತೆ? ನಾನು ನೋಡಿ ಹೇಳಿದ್ರೆ ಮಾತ್ರ ನಂಬ್ತಾಳಂತೆ, ಹಠ ಹಿಡಿದು ಕೂತಿದ್ದಾಳೆ ಅಕ್ಕ.”

ಅದು ಸುಳ್ಳಲ್ಲ. ಚೀಲದ ಮಾತು ಎತ್ತಿದಾಗಲೇ ಅಕ್ಕ ಸರ್ಜನ್‌ರ ಮೇಜಿನ ಮೇಲೆ ಕೈ ಊರಿ ಹೇಳಿಬಿಟ್ಟಿದ್ದಳು. “ಹೊಟ್ಟೆಗೊಂದು ಚೀಲ ಕಟ್ಕೊಂಡು ಮಕ್ಕಳ ಮುಂದೆ ನೀರಿಗಿಳೀಲಾ ನಾನು? ಆಗಲ್ಲ. ನಮ್ಮ ಪುಟ್ಟಿ ತನ್ನ ಕಣ್ಣಾರೆ ನೋಡಿ, ಅಕ್ಕಾ, ತೆಗೀಲೇಬೇಕು ಅಂದ್ರೆ ಆಗ ನೋಡೋಣ. ಬೇರೆ ಯಾವ ಡಾಕ್ಟರು ಬಂದು ತಲೆಕೆಳಗಾಗಿ ನಿಂತ್ರೂ ಒಪ್ಪಲ್ಲ.” ಚೀಲವಿದ್ದೂ ಈಜುವವರು ಇದ್ದಾರೆ ಎಂದು ಸರ್ಜನ್ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಅವರೂ ಅನುಭವಸ್ಥರು, ವಾದಕ್ಕೆ ಹೋಗದೆ, ಬೇಕಾದರೆ ಇರಲಿ ಎಂದು ಮುಂದಿನ ವಾರದಲ್ಲೇ ಆಪರೇಷನ್ನಿಗೆ ಒಂದು ದಿನ ಅವಳಿಗಾಗಿ ಹಿಡಿದಿಟ್ಟಿದ್ದರು.

ದೊಡ್ಡವರು ಇನ್ನೊಮ್ಮೆ ಕೆಮ್ಮಿ ಹೊರಟುಹೋದರು. ಅವರ ಮೆದು ಸ್ವಭಾವವೇ ಅಷ್ಟು. ಆವತ್ತು ಅವರು ಸ್ವಲ್ಪ ಗದರಿಸಿದ್ದರೆ ಚೆನ್ನಾಗಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಣ್ಣ ಹಾಕಿದ ಸ್ಲೈಡುಗಳು ಸಿದ್ಧವಾದವು. ಅವನ್ನು ತಂದವನು ಟೆಕ್ನಿಷಿಯನ್. ಅವನಿಗೆ ರೇಡಿಯೋ ಎಂದು ಅಡ್ಡಹೆಸರು, ಹಚ್ಚಿದರೆ ನಿಲ್ಲದವನು. ಆವತ್ತು ಮಾತ್ರ ತಟ್ಟೆಯನ್ನು ಮೆಲ್ಲಗೆ ಇಟ್ಟು, ಅಕ್ಕನ ಸ್ಲೈಡನ್ನು ಎಲ್ಲಕ್ಕಿಂತ ಮುಂದೆ ಸರಿಸಿ, ಹೆಜ್ಜೆ ಸಪ್ಪಳವಾಗದಂತೆ ನಡೆದುಹೋದ.

ಡಾಕ್ಟರಮ್ಮ ಸ್ಲೈಡನ್ನು ಎತ್ತಿಕೊಂಡಳು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟವಳೇ ಗಾಜನ್ನು ಸರಕ್ಕನೆ ಮೇಲಕ್ಕೆ ತಳ್ಳಿ, ನೇರವಾಗಿ ಕೆಳತುದಿಗೆ, ಅಕ್ಕನ ಚೂರಿಗೇ ಹೋದಳು. ಗಡ್ಡೆಯ ಜೀವಕೋಶಗಳು ಕಂಡವು. ಅವುಗಳ ನಡುವೆ ಸಿಕ್ಕಿಕೊಂಡ ಸ್ನಾಯುವಿನ ಎಳೆಗಳು ಕಂಡವು. ಎಳೆಗಳು ಬಿಳಚಿಕೊಂಡಿದ್ದವು, ಅಲ್ಲಲ್ಲಿ ತೆಳ್ಳಗೆ ಚಹಾ ಚೆಲ್ಲಿದಷ್ಟು ಬಣ್ಣ. ಎಡಕ್ಕೆ ಸರಿಸಿದಳು, ಬಿಳಿ. ಬಲಕ್ಕೆ ಸರಿಸಿದಳು, ಅಲ್ಲೂ ಬಿಳಿ. ಎಲ್ಲಿ ನೋಡಿದರೂ ಕಡುಕಂದು ಇರಲಿಲ್ಲ.

ಕಣ್ಣು ಮಂಜಾಗಿ ಮೈಕ್ರೋಸ್ಕೋಪಿನ ಕಣ್ಣುಗಾಜು ಒದ್ದೆಯಾಯಿತು. ಒರೆಸಿ ಮತ್ತೆ ನೋಡಿದಳು. ತೆಳು ಸ್ನಾಯು! ಅಷ್ಟೇ, ತೆಳು ಸ್ನಾಯು! ಅಲ್ಲೇ ಕೂತು ವರದಿ ಟೈಪು ಮಾಡಿ, ಸಹಿ ಹಾಕಿ, ಸರ್ಜನ್‌ರಿಗೆ ಕಳಿಸಿ, ಉಳಿದ ಸ್ಲೈಡುಗಳ ತಟ್ಟೆಯನ್ನು ಹಾಗೇ ಮುಚ್ಚಿಟ್ಟು, ಕೋಟು ಕಳಚುತ್ತಲೇ ಮೆಟ್ಟಿಲಿಳಿದಳು. ಎಷ್ಟೋ ವರ್ಷ ಎಷ್ಟೋ ಜನರ ಕಿವಿ ಹಿಂಡಿ ಕಲಿಸಿದ ಪಾಠ ಅವಳ ನೆನಪಿಗೇ ಬರಲಿಲ್ಲ. ಬಂದಿದ್ದರೂ ಆ ಹೊತ್ತಿನಲ್ಲಿ ಅವಳು ಅದಕ್ಕೆ ಕಿವಿಗೊಡುತ್ತಿದ್ದಳೆಂದು ನನಗಂತೂ ಅನಿಸುವುದಿಲ್ಲ.

ಅಕ್ಕನ ಮನೆಯ ಬಾಗಿಲಲ್ಲೇ ಹೇಳಿದಳು. “ಚೀಲ ಬೇಡ ಅಕ್ಕಾ. ನಾನೇ ನೋಡಿದೆ. ಆಳಕ್ಕೆ ಹೋಗಿಲ್ಲ.”

ಅಕ್ಕ ತಂಗಿಯ ಎರಡೂ ಕೆನ್ನೆ ಹಿಡಿದು ಜಗ್ಗಿದಳು, ಚಿಕ್ಕಂದಿನಲ್ಲಿ ಜಗ್ಗುತ್ತಿದ್ದ ಹಾಗೇ, ನೋಯುವಂತೆ. “ನಾನು ಹೇಳ್ಲಿಲ್ವಾ? ಇವರಿಗೆಲ್ಲಾ ಕೊಯ್ಯೋದೊಂದೇ ಗೊತ್ತು. ನಮ್ಮ ಪುಟ್ಟಿ ನೋಡ್ಲಿ ಅಂತ ನಾನು ಬಡ್ಕೊಂಡೆ.” ಒಳಗೆ ಗಡಿಯಾರದ ಹೊಟ್ಟೆ ಬಗೆದುಕೊಂಡು ಕೂತಿದ್ದ ಭಾವ ಭೂತಗನ್ನಡಿ ಕೆಳಗಿಟ್ಟ. ಎದ್ದು ಬಂದು ಡಾಕ್ಟರಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಅಕ್ಕ ಆಗಲೇ ಫೋನು ತೆಗೆದುಕೊಂಡು ಸರ್ಜನ್‌ರ ಸಹಾಯಕಿಗೆ ಹೇಳಿಬಿಟ್ಟಳು: ನನ್ನ ಹೆಸರು ಹೊಡೆದುಹಾಕಿ, ಆ ದಿನ ಬೇರೆ ಯಾರಿಗಾದರೂ ಕೊಡಿ, ಪಾಪ, ಬೇಕಾದವರಿಗೆ ಸಿಗಲಿ. ಭಾನುವಾರ ಕೊಳದಲ್ಲಿ ಅವಳದೇ ಗಲಾಟೆ. ಸೀಟಿ ಊದಿದ್ದೇ ಊದಿದ್ದು. ತಂಗಿಯನ್ನೂ ಎಳೆದುಕೊಂಡು ಹೋಗಿ, “ನಮ್ಮ ಡಾಕ್ಟರು” ಎಂದು ಟಿಕೆಟು ಹರಿಯುವವನಿಗೂ ಪರಿಚಯ ಮಾಡಿಸಿದಳು. ಡಾಕ್ಟರಮ್ಮ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಅಕ್ಕ ಈ ದಡದಿಂದ ಆ ದಡಕ್ಕೆ ಈಜುವುದನ್ನು ನೋಡಿದಳು. ಬಹಳ ದಿನಗಳ ಮೇಲೆ ಅವಳಿಗೆ ಹಸಿವಾಯಿತು.

ಸೋಮವಾರ ಬೆಳಿಗ್ಗೆ ಹುರುಪಿನಿಂದಲೇ ಲ್ಯಾಬಿಗೆ ಬಂದು, ಮುಚ್ಚಿಟ್ಟ ತಟ್ಟೆ ತೆರೆದಳು. ಉಳಿದವುಗಳಲ್ಲಿ ಮೊದಲನೆಯದು ಯಾವನೋ ಬಸ್ ಚಾಲಕನದು, ಅದೂ ಮೂತ್ರಕೋಶವೇ, ಅದೇ ಸ್ಮೂಥೆಲಿನ್ ಪರೀಕ್ಷೆ. ಗಾಜನ್ನು ಇಟ್ಟಳು. ಕೈ ಅಭ್ಯಾಸಬಲದಿಂದ ತಾನಾಗಿಯೇ ಮೇಲ್ತುದಿಗೆ ಹೋಯಿತು, ಕಂಟ್ರೋಲಿಗೆ. ಅದು ಆರೋಗ್ಯವಂತ ಮೂತ್ರಕೋಶದ ಗೋಡೆ. ಗಟ್ಟಿ ಸ್ನಾಯುವಿನ ಕಂತೆಗಳು ಒಂದರ ಪಕ್ಕ ಒಂದು ದಪ್ಪಗೆ ಮಲಗಿದ್ದವು. ಕಡುಕಂದು ಇರಬೇಕಾದವು ಬಿಳಚಿಕೊಂಡಿದ್ದವು.

“ರೇಡಿಯೋ!” ಎಂದು ಕೂಗಿದಳು. “ಏನಯ್ಯಾ ಇದು? ಕಂಟ್ರೋಲೇ ಎದ್ದಿಲ್ಲ! ಈ ಬ್ಯಾಚು ಪೂರ್ತಿ ದಂಡ. ಎಲ್ಲಾ ಮತ್ತೆ ಹಾಕು.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಹೊಳೆಯಿತು. ಆ ಬ್ಯಾಚಿನ ಮೊದಲ ಸ್ಲೈಡು ಅಕ್ಕನದು.

ಅದನ್ನು ಹುಡುಕಿ ತೆಗೆದಳು. ಗಾಜನ್ನು ಮೇಲ್ತುದಿಗೆ ಸರಿಸುವಾಗ ಕಣ್ಣು ಮುಚ್ಚಿಕೊಂಡಿದ್ದಳು. ತೆರೆದರೆ ಅಲ್ಲೂ ಅದೇ. ಸತ್ತ ಸಾಕ್ಷಿ. ಶುಕ್ರವಾರ ಅವಳು ಕಂಡ ಬಿಳಿ ತೆಳು ಸ್ನಾಯುವಿನ ಬಿಳಿ ಆಗಿರಬೇಕೆಂದೇನೂ ಇರಲಿಲ್ಲ. ಬಣ್ಣವೇ ಹತ್ತದ ಬಿಳಿಯೂ ಆಗಿರಬಹುದಿತ್ತು. ಗುರುತೇ ಇಲ್ಲದ ಬಸ್ ಚಾಲಕನಿಗೆ ತಾನಾಗಿ ಸಿಕ್ಕ ನ್ಯಾಯ ಒಡಹುಟ್ಟಿದವಳಿಗೆ ಸಿಕ್ಕಿರಲಿಲ್ಲ.

ರೇಡಿಯೋ ಹುಡುಕಾಡಿ ಕಾರಣ ಕಂಡುಹಿಡಿದ. ಬಣ್ಣಕ್ಕೆ ಮೊದಲು ಸ್ಲೈಡುಗಳನ್ನು ಕಾಯಿಸುವ ಪಾತ್ರೆ ಕರೆಂಟು ಹೋಗಿ ನಡುವೆಯೇ ಆರಿತ್ತು. ಕರೆಂಟು ಮತ್ತೆ ಬಂದಾಗ ಅದರ ದೀಪವೇನೋ ಹತ್ತಿತ್ತು, ಆದರೆ ಪಾತ್ರೆ ಬಿಸಿಯೇರದೆ ಬಣ್ಣವೂ ಹಿಡಿದಿರಲಿಲ್ಲ. “ನನ್ನದೇ ತಪ್ಪು ಮೇಡಂ,” ಎಂದ, ಅಳುವ ಧ್ವನಿಯಲ್ಲಿ.

“ಪಾತ್ರೆ ಕೈ ಕೊಡುತ್ತೆ ಅಂತಾನೇ ಕಂಟ್ರೋಲ್ ಇಡೋದು,” ಎಂದಳು ಅವಳು. ಬೈಯುವ ಶಕ್ತಿ ಎಲ್ಲಿತ್ತು? ಗಡ್ಡೆಯನ್ನು ಮೇಣದಲ್ಲಿ ಹುದುಗಿಸಿಟ್ಟಿದ್ದ ಅದೇ ಬ್ಲಾಕಿನಿಂದ ಹೊಸ ಚೂರು ಕತ್ತರಿಸಲು ಹೇಳಿ, ಸರ್ಜನ್‌ರಿಗೆ ಫೋನು ಮಾಡಿ ವರದಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವರು, ಆ ದಿನವನ್ನು ಬೇರೆಯವರಿಗೆ ಕೊಟ್ಟಾಯಿತು, ಇನ್ನು ಕೆಲವು ವಾರ ಜಾಗವಿಲ್ಲ ಎಂದರು.

ಹೊಸ ಸ್ಲೈಡನ್ನು ಅವಳು ಮುಟ್ಟಲಿಲ್ಲ. ದೊಡ್ಡವರ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ನಿಂತಳು. ಹೊರಗೆ ಆಂಬುಲೆನ್ಸ್ ಚಾಲಕ ಗಾಡಿ ತೊಳೆಯುತ್ತಿದ್ದ. ಹಿಂದೆ ಗಾಜು ಸರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಮೊದಲು ಮೇಲ್ತುದಿಗೆ, ಅಲ್ಲಿ ಸ್ವಲ್ಪ ತಡೆದು, ಆಮೇಲೆ ಕೆಳಕ್ಕೆ. ಅಷ್ಟೂ ಅವಳಿಗೆ ಬೆನ್ನಿನಲ್ಲೇ ತಿಳಿಯುತ್ತಿತ್ತು.

“ಕಂಟ್ರೋಲ್ ಚೆನ್ನಾಗಿ ಎದ್ದಿದೆ,” ಎಂದರು ದೊಡ್ಡವರು. ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, “ಕೆಳಗೂ ಕಡುಕಂದೇ ಕಣಮ್ಮ. ಗಟ್ಟಿ ಸ್ನಾಯು. ನೀನೊಂದ್ಸಲ ನೋಡ್ತೀಯಾ?”

“ಬೇಡ ಸಾರ್.”

ಫೋನಿನಲ್ಲಿ ಹೇಳುವ ಮಾತಲ್ಲ. ಕೊಳಕ್ಕೆ ಹೋದಳು. ಅಕ್ಕ ಆಗತಾನೇ ಮಕ್ಕಳನ್ನು ಕಳಿಸಿ ಒಬ್ಬಳೇ ನೀರಲ್ಲಿದ್ದಳು. ತಂಗಿಯನ್ನು ಕಂಡು ಕೈ ಬೀಸಿ, ಅಂಚಿಗೆ ಬಂದು ಮೊಣಕೈ ಊರಿದಳು. ಟೋಪಿಯಿಂದ ನೀರು ಕಣ್ಣಿಗೆ ಇಳಿಯುತ್ತಿತ್ತು.

“ಏನೇ, ಕೆಲಸದ ಹೊತ್ತಲ್ಲಿ? ಬಟ್ಟೆ ತಂದಿದ್ದೀಯಾ? ಇಳಿ.”

ಡಾಕ್ಟರಮ್ಮ ಒದ್ದೆ ಕಲ್ಲಿನ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಎತ್ತಲೋ ಹೋಗಿದ್ದವು. “ಅಕ್ಕಾ, ನಾನು ತಪ್ಪು ನೋಡಿದೆ. ಆಳಕ್ಕೆ ಹೋಗಿದೆ. ತೆಗೀಲೇಬೇಕು.”

ಅಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ತಂಗಿಯ ಮುಖವನ್ನು ದಿಟ್ಟಿಸಿದಳು.

“ಮತ್ತೆ ಶುಕ್ರವಾರ ನೋಡಿದ್ದು ಏನು?”

“ಬಣ್ಣ ಸರಿಯಾಗಿ ಹತ್ತಿರ್ಲಿಲ್ಲ. ಹತ್ತಿದ್ಯಾ ಇಲ್ವಾ ಅಂತ ಮೊದಲು ನೋಡ್ಬೇಕಿತ್ತು. ನೋಡ್ಲಿಲ್ಲ.”

“ಮರೆತ್ಯಾ?”

ಮರೆತೆ ಎಂದುಬಿಡಬಹುದಿತ್ತು. ಮರೆವು ಯಾರಿಗಿಲ್ಲ? ಆದರೆ ಅಕ್ಕನ ಮುಂದೆ ಅವಳಿಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಬಿಳಿ ಕಂಡ್ತು. ನಂಗೆ ಬೇಕಾಗಿದ್ದೂ ಅದೇ. ಅಷ್ಟಕ್ಕೇ ಎದ್ದು ಬಂದ್ಬಿಟ್ಟೆ.”

“ಬೇರೆ ಯಾರದ್ದಾದ್ರೂ ಆಗಿದ್ರೆ?”

“ಸರಿಯಾಗಿ ನೋಡ್ತಿದ್ದೆ,” ಎಂದಳು. “ಬೇರೆಯವರದ್ದು ಸರಿಯಾಗೇ ನೋಡಿದೆ ಅಕ್ಕಾ. ಅದರಿಂದಲೇ ನಿಂದು ಗೊತ್ತಾಯ್ತು.”

ಅಕ್ಕ ಟೋಪಿ ಕಿತ್ತು ಕಲ್ಲಿನ ಮೇಲೆ ಎಸೆದಳು. ಬೈಯುತ್ತಾಳೆ ಎಂದುಕೊಂಡಳು ಡಾಕ್ಟರಮ್ಮ. ಬೈದರೆ ಸಾಕು, ಬೈದರೆ ಬದುಕಿದೆ ಎಂದೂ ಅಂದುಕೊಂಡಳು. ಅಕ್ಕ ಬೈಯಲಿಲ್ಲ. ಮೆತ್ತಗೆ, ಯಾವಾಗಲೂ ಇಲ್ಲದಷ್ಟು ಮೆತ್ತಗೆ ಮಾತಾಡಿದಳು.

“ಮೂರು ದಿನ ಎಲ್ಲರ ಮುಂದೆ ಕುಣಿದಾಡ್ಸಿದ್ಯಲ್ಲೇ ನನ್ನ. ಹೆದರಿಕೆ ಇತ್ತು, ಅದರ ಜತೆ ಹೇಗೋ ಇದ್ದೆ. ಅದನ್ನ ತೆಗೆದುಹಾಕಿ, ಈಗ ವಾಪಸ್ ತಂದು ಕೊಡ್ತಿದ್ದೀಯ.”

“ಆಪರೇಷನ್ ಮಾಡಿಸ್ಕೋ ಅಕ್ಕಾ. ನನ್ನ ಮೇಲೆ ಸಿಟ್ಟಿದ್ರೂ ಮಾಡಿಸ್ಕೋ. ಕಾಲಿಗೆ ಬೀಳ್ತೀನಿ.”

“ಮಾಡಿಸ್ಕೋತೀನಿ. ಹಿಂದೇನೇ ಹೇಳಿದ್ನಲ್ಲ, ನೀನು ಹೇಳಿದ್ರೆ ಅಂತ. ಹೇಳಿದ್ಯಲ್ಲ.” ಅಕ್ಕ ಅಂಚಿನಿಂದ ಕೈ ತೆಗೆದಳು. “ಆದ್ರೆ ಇನ್ಮೇಲೆ ನಿನ್ನ ಲ್ಯಾಬಿಗೆ ನಾನು ಬೇರೆಯವಳಾಗೇ ಬರ್ತೀನಿ. ನನ್ನ ಡಬ್ಬಿ, ನನ್ನ ಗಾಜು, ನನ್ನ ಕಾಗದ, ಯಾವುದನ್ನೂ ನೀನು ಮುಟ್ಟಬಾರ್ದು. ಆ ದೊಡ್ಡವರೇ ನೋಡ್ಲಿ. ಅವರು ಹೇಳಿದ್ದನ್ನ ನಿನ್ನ ಬಾಯಿಂದ ಕೇಳಿಸ್ಕೊಳ್ಳೋದೂ ನಂಗೆ ಬೇಡ.”

ಅಷ್ಟು ಹೇಳಿ ಕಾಲಿನಿಂದ ಗೋಡೆ ಒದ್ದು ನೀರಿನೊಳಗೆ ಹೋದಳು. ಆ ದಡದ ತನಕ ತಲೆ ಎತ್ತಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಕೂತೇ ಇದ್ದಳು. ಅಕ್ಕ ಆ ಕಡೆಯ ಏಣಿ ಹತ್ತಿ, ಟವೆಲು ಹೊದ್ದು, ಬಟ್ಟೆ ಬದಲಾಯಿಸುವ ಕೋಣೆಗೆ ನಡೆದುಹೋದಳು. ಟೋಪಿ ಈ ಕಡೆಯೇ ಬಿದ್ದಿತ್ತು. ಅದನ್ನು ಎತ್ತಿಕೊಡಲು ಇವಳಿಗೆ ಧೈರ್ಯ ಸಾಲಲಿಲ್ಲ.

ಆಮೇಲಿನ ವಾರಗಳಲ್ಲಿ ಅಕ್ಕ ಫೋನು ಎತ್ತಲಿಲ್ಲ. ಆಪರೇಷನ್ನಿನ ದಿನ ಗೊತ್ತಾದಾಗ ಭಾವನೇ ಹೇಳಿದ. “ಗುರುವಾರ. ಬಾಮ್ಮ.” ಅಕ್ಕನಿಗೆ ತಿಳಿಯದಂತೆ ಕರೆಯುತ್ತಿದ್ದಾನೆ ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅಷ್ಟು ವಾರ ಕೈಬಿಟ್ಟುಹೋದದ್ದು ಏನು ಮಾಡಿರಬಹುದು ಎಂಬುದನ್ನು ಡಾಕ್ಟರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಡ್ಡೆ ಗೋಡೆಯೊಳಗೇ ಇದ್ದರೆ ಒಂದು, ಗೋಡೆ ದಾಟಿದ್ದರೆ ಇನ್ನೊಂದು. ಅದನ್ನು ಹೇಳುವುದು ಹೊರಗೆ ಬಂದ ಮೂತ್ರಕೋಶವೇ.

ಗುರುವಾರ ಅವಳು ಲ್ಯಾಬಿನಲ್ಲೇ ಇದ್ದಳು, ಇದ್ದೂ ಏನೂ ಮಾಡದೆ. ಮಧ್ಯಾಹ್ನ ಆಪರೇಷನ್ ಥಿಯೇಟರಿನಿಂದ ದೊಡ್ಡ ಡಬ್ಬಿ ಬಂತು. ರೇಡಿಯೋ ಮುಚ್ಚಳದ ಮೇಲಿನ ಹೆಸರು ಓದಿ, ಅವಳ ಕಡೆ ನೋಡಿದ. ಡಬ್ಬಿಗೂ ಅವಳಿಗೂ ನಡುವೆ ಒಂದು ಮೇಜು. ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದರೆ, ಗೋಡೆಯ ಹೊರಮೈ ಮೇಲೆ ಬೆರಳಾಡಿಸಿದರೆ, ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಇಷ್ಟು ವರ್ಷದ ಅವಳ ಬೆರಳಿಗೆ ಅದೆಲ್ಲ ಕಷ್ಟವಾಗಿರಲಿಲ್ಲ.

“ದೊಡ್ಡವರಿಗೆ ಕೊಡು,” ಎಂದು ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ಕೆಲಸದ ನಡುವೆಯೇ ಹೊರಗೆ ಬಂದಳು.

ಥಿಯೇಟರಿನ ಹೊರಗೆ ಬೆಂಚುಗಳ ಸಾಲು. ಈ ಕಟ್ಟಡದಲ್ಲಿ ಇಷ್ಟು ವರ್ಷ ದುಡಿದರೂ ಅವಳು ಆ ಬೆಂಚಿನ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಭಾವ ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅಷ್ಟರಲ್ಲಿ ನರ್ಸ್ ಬಂದು ಚೀಟಿ ಕೊಟ್ಟಳು. ಔಷಧಿ ತರಲು ಅವನು ಎದ್ದುಹೋದ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಮೆಲ್ಲಗೆ ಈ ಕಡೆ ವಾಲಿದಳು.

“ಒಳಗಿರೋದು ನಿಮಗೇನಾಗ್ಬೇಕು?”

“ಅಕ್ಕ.”

“ಹೇಗಿದೆಯಂತೆ? ಪೂರಾ ತೆಗೆದ್ರಂತಾ? ಇನ್ನೇನೂ ಭಯ ಇಲ್ವಂತಾ?”

ಈ ಪ್ರಶ್ನೆಗೆ ಉತ್ತರ ಒಂದು ಮಹಡಿ ಕೆಳಗೆ, ಡಬ್ಬಿಯೊಳಗಿತ್ತು. ಡಾಕ್ಟರಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಬಿಗಿಯಾಗಿ ಹಿಡಿದುಕೊಂಡಳು.

“ನನಗೇನು ಗೊತ್ತಮ್ಮ,” ಎಂದಳು. “ಡಾಕ್ಟರು ನೋಡಿ ಹೇಳ್ಬೇಕು.”